ಬೆನ್ನು ತಿರುಗಿಸಿ ನಿಂತ ಹುಲಿ

ಫೋಟೊ ಬಂದಾಗ ನಾನು ಮೊರದಲ್ಲಿ ಹುರುಳಿಕಾಳು ಹರವಿಕೊಂಡು ಕಲ್ಲು ಆರಿಸುತ್ತಿದ್ದೆ. ಆ ಫೋಟೊಗಾಗಿ ಮನೆಯವರೆಲ್ಲ ಬೆಳಗಿನಿಂದ ಕಾಯುತ್ತಿದ್ದುದರಿಂದ ಫೋನನ್ನು ಮೊರದ ಪಕ್ಕದಲ್ಲೇ ಇಟ್ಟುಕೊಂಡಿದ್ದೆ. ತೆರೆದು ನೋಡಿದೆ. ಎತ್ತರದ ಬಿಳಿ ಚಾವಣಿ, ನೀರು ಚೆಲ್ಲಿದ ಹಾಗೆ ಹೊಳೆಯುವ ನೆಲ, ಗಾಲಿಪೆಟ್ಟಿಗೆ ಎಳೆದುಕೊಂಡು ಹೋಗುವ ಜನ. ಅವರ ಹಿಂದೆ, ಗೋಡೆಯ ತುದಿಯಿಂದ ಬುಡದವರೆಗೆ ಇಳಿಬಿದ್ದಿರುವುದು ನಮ್ಮ ಮನೆಯ ರೇಷ್ಮೆ. ವಿಮಾನ ನಿಲ್ದಾಣವೊಂದರ ಹೊಸ ಟರ್ಮಿನಲ್ಲಿಗೆಂದು ನಮ್ಮ ಮಾವ, ಅಂದರೆ ನನ್ನ ಗಂಡನ ತಂದೆ, ಕೈಮಗ್ಗದಲ್ಲಿ ನೇಯ್ದ ಹುಲಿಯ ಪರದೆ.

ಹುಲಿ ಬಲಗಡೆಗೆ ನೋಡಬೇಕಿತ್ತು. ಎಡಗಡೆಗೆ ನೋಡುತ್ತಿತ್ತು. ಸರಿಯಾಗಿ ಹೇಳಬೇಕೆಂದರೆ, ಶೌಚಾಲಯ ಈ ಕಡೆ ಎಂದು ತೋರಿಸುವ ಬಾಣದ ಕಡೆಗೆ ನೋಡುತ್ತಿತ್ತು.

ಎರಡು ಬೆರಳಿಟ್ಟು ಚಿತ್ರವನ್ನು ಹಿಗ್ಗಿಸಿದೆ. ಹುಲಿಯ ಮೈಮೇಲೆ ಪಟ್ಟೆ ಕಾಣುತ್ತಿಲ್ಲ. ಪಟ್ಟೆಯಿಂದ ಪಟ್ಟೆಗೆ ದಾಟುವ ಜರಿ ಎಳೆಗಳು ಕೆದರಿದ ಕೂದಲಿನ ಹಾಗೆ ಜೋತುಬಿದ್ದಿವೆ. ಪರದೆಯ ಒಳಮೈಯನ್ನು ಹೊರಗೆ ಮಾಡಿ, ಮುಖವನ್ನು ಗೋಡೆಗೆ ಕೊಟ್ಟು, ಮುಂದೆ ಗಾಜು ಕೂರಿಸಿಬಿಟ್ಟಿದ್ದಾರೆ. ಫೋಟೊದ ಕೆಳಗೆ ಅದನ್ನು ಮಾಡಿಸಿದ ಡಿಸೈನರ್ ಹುಡುಗಿ ಸಾಲಾಗಿ ಕೈಮುಗಿದ ಚಿತ್ರಗಳನ್ನು ಹಾಕಿ, 'ಪ್ರೌಡ್ ಮೊಮೆಂಟ್ ಆಂಟಿ' ಎಂದು ಬರೆದಿದ್ದಳು.

ಮಗ್ಗದ ಮನೆಯಿಂದ ಮಾವ ಕೂಗಿದರು. "ಏನವ್ವಾ, ಪೋಟ ಬಂತಾ?"

"ಬಂದಿದೆ ಮಾವ, ಆದರೆ ಸರಿಯಾಗಿ ತೆರೆದುಕೊಳ್ಳುತ್ತಿಲ್ಲ" ಎಂದೆ. ಫೋನನ್ನು ಮೊರದ ಕೆಳಗೆ ಸರಿಸಿದೆ.

"ಇಮಾನ ಮ್ಯಾಕ್ಕೆ ಆರ್ತದೆ, ಒಂದು ಪೋಟ ಇಲ್ಲಿಗಂಟ ಬರಾಕಿಲ್ವಲ್ಲ" ಎಂದು ಅವರು ಲಾಳಿ ಎಸೆದ ಸದ್ದು ಕೇಳಿಸಿತು.

ನಾನು ನೇಕಾರರ ಮನೆಯವಳಲ್ಲ. ಕಾನ್ವೆಂಟಿನಲ್ಲಿ ಓದಿದವಳು. ಅಲ್ಲಿ ಹೊಲಿಗೆ ಕಲಿಸುತ್ತಿದ್ದ ಸಿಸ್ಟರ್ ನಮ್ಮ ಕಸೂತಿಯ ಮುಂಭಾಗವನ್ನು ನೋಡುತ್ತಲೇ ಇರಲಿಲ್ಲ. ರಿಂಗನ್ನು ತಿರುಗಿಸಿ, ಹಿಂಭಾಗ ನೋಡಿ ಅಂಕ ಕೊಡುತ್ತಿದ್ದರು. ಹಿಂದೆ ಒಂದು ಗಂಟು ಕಂಡರೂ ಪೂರ್ತಿ ಬಿಚ್ಚಿಸುತ್ತಿದ್ದರು. ಮದುವೆಯಾಗಿ ಕೊಳ್ಳೇಗಾಲದ ಈ ಬೀದಿಗೆ ಬಂದ ಹೊಸದರಲ್ಲಿ, ಮಗ್ಗದ ಮೇಲೆ ಅರ್ಧ ನೇಯ್ದಿದ್ದ ಮದುವೆ ಸೀರೆಯನ್ನು ನೋಡಿ ನನಗೆ ಗಾಬರಿಯಾಗಿತ್ತು. "ಇಷ್ಟೊಂದು ಎಳೆ ಬಿಟ್ಟುಹೋಗಿದೆಯಲ್ಲ ಅತ್ತೆ" ಎಂದಿದ್ದೆ. ಅತ್ತೆ ನನ್ನ ಕತ್ತು ಹಿಡಿದು ಬಗ್ಗಿಸಿ ಮಗ್ಗದ ಅಡಿಯಿಂದ ತೋರಿಸಿದ್ದರು. "ನೀ ನೋಡ್ತಿದ್ದದ್ದು ಅದ್ರ ಬೆನ್ನು ಕಣವ್ವ. ಮೊಕ ಕೆಳಗದೆ."

ನಮ್ಮ ಮನೆಯಲ್ಲಿ ಜರಿಯ ಚಿತ್ರವಿರುವ ಬಟ್ಟೆಯನ್ನು ನೇಯುವುದು ಹಾಗೆಯೇ. ಮುಖ ನೆಲದ ಕಡೆಗೆ, ಬೆನ್ನು ನೇಯುವವರ ಕಡೆಗೆ. ಕೆಳಗೆ ಚಿತ್ರ ಸರಿಯಾಗಿ ಬರುತ್ತಿದೆಯೇ ಎಂದು ನೋಡಲು ಮಾವನ ಹತ್ತಿರ ಒಂದು ದುಂಡು ಕನ್ನಡಿ ಇದೆ. ಅತ್ತೆ ಮದುವೆಯಲ್ಲಿ ತಂದದ್ದು, ಹಿಂಬದಿಯ ತಗಡು ತುಕ್ಕು ಹಿಡಿದಿದೆ. ಆಗಾಗ ನಿಲ್ಲಿಸಿ, ಕನ್ನಡಿಯನ್ನು ಎಳೆಗಳ ಅಡಿಗೆ ತೂರಿಸಿ, ಅಂಗೈಯಗಲ ಮುಖವನ್ನು ನೋಡಿ, ಕನ್ನಡಿಯನ್ನು ಮತ್ತೆ ತೊಡೆಯ ಪಕ್ಕಕ್ಕೆ ಇಟ್ಟುಕೊಳ್ಳುತ್ತಾರೆ. ನೇಯ್ದಷ್ಟು ಬಟ್ಟೆ ಮುಂದಿನ ಮರದ ದಿಂಡಿಗೆ ಸುತ್ತಿಕೊಳ್ಳುತ್ತಾ ಹೋಗುತ್ತದೆ. ಸೀರೆಯಾದರೆ ಚಿಂತೆಯಿಲ್ಲ, ಮುಗಿದ ಮೇಲೆ ಜಗುಲಿಯ ಮೇಲೆ ಇಬ್ಬರು ಹಿಡಿದು ಬಿಚ್ಚಿ ನೋಡುತ್ತೇವೆ.

ಹುಲಿಯ ಪರದೆಯನ್ನು ಹಾಗೆ ನೋಡಲಾಗಲಿಲ್ಲ. ನನ್ನ ಸಂಕಟವೆಲ್ಲ ಇಲ್ಲಿಂದ ಶುರು.

ಡಿಸೈನರ್ ಹುಡುಗಿ ಮೊದಲ ಸಲ ನಮ್ಮ ಮನೆಗೆ ಬಂದಾಗ ಚಪ್ಪಲಿಯನ್ನು ಹೊರಗೆ ಬಿಡುವುದೋ ಒಳಗೆ ತರುವುದೋ ಎಂದು ಹೊಸಿಲಿನಲ್ಲಿ ನಿಂತು ಕೇಳಿದ್ದಳು. ನನಗೆ ಹಿಡಿಸಿತ್ತು. ಆ ನಿಲ್ದಾಣದಲ್ಲಿ ನಾಡಿನ ಕಲೆಗಳನ್ನೆಲ್ಲ ಗೋಡೆಗೋಡೆಗೂ ತರುತ್ತಿದ್ದಾರಂತೆ. ಒಂದು ಕಡೆ ಮರದ ಗೊಂಬೆಗಳು, ಒಂದು ಕಡೆ ತೊಗಲುಗೊಂಬೆ, ಒಂದು ಕಡೆ ಹಿತ್ತಾಳೆ ದೀಪಗಳು, ಇನ್ನೊಂದು ಕಡೆಗೆ ಕೊಳ್ಳೇಗಾಲದ ರೇಷ್ಮೆ. ಅವಳು ಕಂಪ್ಯೂಟರಿನಲ್ಲಿ ಬರೆದ ಚಿತ್ರ ತೋರಿಸಿದಳು. ಒಂದರ ಮೇಲೊಂದು ಏಳು ಬೆಟ್ಟ. ನಡುವೆ ದಾರಿ. ದಾರಿಯಲ್ಲಿ ಹತ್ತುತ್ತಿರುವ ಹುಲಿ.

ಮಾವ ಬಹಳ ಹೊತ್ತು ನೋಡಿದರು. "ಉಲಿ ಅದೆ, ಏಳು ಮಲೆ ಅದೆ. ಮಾದಪ್ಪ ಎಲ್ಲವ್ನೆ?"

ಹುಲಿಯ ಬೆನ್ನಿನ ಮೇಲೆ ಯಾರೂ ಇರಲಿಲ್ಲ. ನಮ್ಮ ಸೀಮೆಯಲ್ಲಿ ಬರೀ ಹುಲಿಯನ್ನು ಯಾರೂ ಬರೆಯುವುದಿಲ್ಲ. ಆಟೋದ ಹಿಂದೆ, ಹೋಟೆಲಿನ ಗೋಡೆಯ ಮೇಲೆ, ಲಗ್ನಪತ್ರಿಕೆಯ ನೆತ್ತಿಯ ಮೇಲೆ, ಎಲ್ಲಿ ಹುಲಿ ಇದ್ದರೂ ಮೇಲೆ ಮಾದಪ್ಪ ಇರಬೇಕು. ಸಾರ್ವಜನಿಕ ಜಾಗವಾದ್ದರಿಂದ ದೇವರ ಚಿತ್ರ ಬೇಡ ಎಂದು ಮೇಲಿನವರು ಹೇಳಿದ್ದಾರೆ ಅಂಕಲ್ ಎಂದಳು ಹುಡುಗಿ.

ಜಗುಲಿಯಲ್ಲಿ ಕುಳಿತಿದ್ದ ಎದುರುಮನೆಯ ನೇಕಾರ ಬಿಡಲಿಲ್ಲ. "ಇಮಾನದಾಗೆ ಉಲಿ ಬುಡಕ್ಕಿಲ್ಲ ಅಂದಿರ್ಬೇಕು ಕಣಣ್ಣೋ. ಮಾದಪ್ಪ ಉಲೀನ ಇಲ್ಲೇ ಕಟ್ಟಾಕಿ ತಾನೊಬ್ನೇ ಅತ್ತಿ ಒಂಟೋಗವ್ನೆ."

ಮಾವನೂ ನಕ್ಕರು, ಒಪ್ಪಿಕೊಂಡರು. ಆದರೆ ಅವರ ಪಾಲಿಗೆ ಅದು ಬರೀ ಹುಲಿಯಾಗಲಿಲ್ಲ. ಹಾಸಿನ ಎಳೆಗಳನ್ನು ನಾನೂ ಅತ್ತೆಯೂ ಒಂದೊಂದಾಗಿ ಕೆಚ್ಚಿದೆವು. ಹಳೆಯ ಎಳೆಯ ತುದಿಗೆ ಹೊಸ ಎಳೆಯ ತುದಿಯನ್ನು ಬೂದಿ ಮುಟ್ಟಿದ ಬೆರಳಿನಲ್ಲಿ ಹೊಸೆದು ಸೇರಿಸುವ ಕೆಲಸ ಅದು, ನಮ್ಮಲ್ಲಿ ಹೆಂಗಸರದ್ದು. ಬೇರೆ ಬೂದಿ ಬೇಡ ಎಂದು ಮಾವ ಬೆಟ್ಟದಿಂದ ಮಾದಪ್ಪನ ಧೂಳ್ತ ತರಿಸಿಕೊಟ್ಟರು. ಹುಲಿಯ ಭಾಗ ನೇಯುವ ದಿನಗಳಲ್ಲಿ ಸ್ನಾನ ಮಾಡದೆ ಮಗ್ಗಕ್ಕೆ ಇಳಿಯಲಿಲ್ಲ. ಪರದೆ ಮುಗಿದು ದಿಂಡಿನಿಂದ ಬಿಚ್ಚಿದಾಗ, ನಮ್ಮ ಮನೆಯ ಯಾವ ಗೋಡೆಯೂ ಅದರ ಉದ್ದಕ್ಕೆ ಸಾಲಲಿಲ್ಲ. ನಮ್ಮನೆಯವರು, "ಛತ್ರದ ನೆಲದ ಮೇಲೆ ಜಮಖಾನ ಹಾಕಿ ಹಾಸಿ ನೋಡೋಣ" ಎಂದರು.

"ಮಾದಪ್ಪನ ಉಲೀನ ನೆಲ್ದಲ್ಲಿ ಆಸೀಯಾ? ಜನ ತುಳ್ದಾಡೋ ಜಾಗ್ದಲ್ಲಿ?" ಮಾವ ಮಗನನ್ನು ನೋಡಿದ ನೋಟಕ್ಕೆ ಆ ಮಾತು ಅಲ್ಲಿಗೇ ನಿಂತಿತು.

ಆಮೇಲೆ ಅವರೂ ಅತ್ತೆಯೂ ಹಜಾರದ ಎರಡು ತುದಿಯಲ್ಲಿ ನಿಂತು ಪರದೆಯನ್ನು ಮಡಿಸಿದರು. ಮದುವೆ ಸೀರೆ ಮಡಿಸುವ ಹಾಗೆಯೇ ಮಡಿಸಿದರು. ಜರಿಗೆ ಬೆವರು ತಾಗಬಾರದು, ಗಾಳಿಗೆ ಕಪ್ಪಾಗಬಾರದು ಎಂದು ನಮ್ಮಲ್ಲಿ ಯಾವಾಗಲೂ ಮುಖ ಒಳಗೆ ಮಾಡಿ, ಬೆನ್ನು ಹೊರಗೆ ಮಾಡಿ ಮಡಿಸುತ್ತಾರೆ. ಕೊಳ್ಳುವವರೂ ಅದನ್ನು ಬಲ್ಲರು. ಹಾಗೆ ಮಡಿಸಿಟ್ಟಿದ್ದನ್ನು ಬಿಚ್ಚಿ ಬೆನ್ನನ್ನೇ ಸೊಂಟಕ್ಕೆ ಸುತ್ತಿಕೊಂಡು ಮದುವೆಮನೆಗೆ ಹೋದ ಹೆಣ್ಣನ್ನು ನಾನಂತೂ ಕಂಡಿಲ್ಲ. ಆದ್ದರಿಂದ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಕಂಪನಿಯ ಕಾರಿನಲ್ಲಿ ಬಂದವರು ಬಟ್ಟೆಯ ಗಂಟನ್ನು ತೆಗೆದುಕೊಂಡು ಹೋದರು. ಬಿಚ್ಚಿದಾಗ ಹೊರಗೆ ಕಂಡದ್ದೇ ಹೊರಗು ಎಂದುಕೊಂಡು ಗೋಡೆಗೆ ಏರಿಸಿದರು.

ಹೀಗಾಗಿ, ತಾವು ನೇಯ್ದದ್ದರ ಪೂರ್ತಿ ಮುಖವನ್ನು ಮಾವ ನೋಡಿಯೇ ಇಲ್ಲ. ಕನ್ನಡಿಯಲ್ಲಿ ಅಂಗೈಯಗಲ ಅಂಗೈಯಗಲವಾಗಿ ಕಂಡ ಹುಲಿ ಒಟ್ಟಿಗೆ ಹೇಗೆ ಕಾಣುತ್ತದೆ ಎಂದು ನೋಡಬೇಕೆಂದರೆ ಆ ಗೋಡೆಯೊಂದೇ ದಾರಿ. ಆ ಗೋಡೆಯೋ, ತಪಾಸಣೆ ದಾಟಿದ ಮೇಲೆ, ಟಿಕೆಟ್ ಇದ್ದವರಿಗೆ ಮಾತ್ರ.

"ನಂದೇ ಬಟ್ಟೆ ನೋಡಾಕೆ ನಾನು ಇಮಾನ ಅತ್ಬೇಕಾ?" ಎಂದು ಮೊದಲು ರೇಗಿದ್ದರು. ಆಮೇಲೆ ಬೀದಿಯ ಹಿರಿಯರೆಲ್ಲ ಸೇರಿ ಕಾಶಿಗೆ ಹೊರಟಾಗ ಅವರೇ ಹಟ ಹಿಡಿದರು. ಬರುವಾಗ ರೈಲಾದರೂ ಸರಿ, ಹೋಗುವಾಗ ವಿಮಾನವೇ ಆಗಬೇಕು. ಅದೂ ಆ ಟರ್ಮಿನಲ್ಲಿನಿಂದಲೇ. ಅತ್ತೆ ಮಾವನ ಜೊತೆ ನಾನೂ ಹೋಗುವುದೆಂದಾಯಿತು, ಇಂಗ್ಲಿಷ್ ಬರುವವಳೆಂದು.

ಫೋಟೊ ಬಂದದ್ದು ಪ್ರಯಾಣಕ್ಕೆ ಇನ್ನೂ ಕೆಲವು ವಾರ ಇರುವಾಗ. ತಿರುಗಿಸಲು ಬೇಕಾದಷ್ಟು ಸಮಯವಿದೆ ಎಂದೇ ನಾನು ತಿಳಿದಿದ್ದೆ.

ಮೊದಲು ಹುಡುಗಿಗೆ ಫೋನು ಮಾಡಿದೆ. ನನ್ನ ಇಂಗ್ಲಿಷಿನ ಕಷ್ಟವೇನೆಂದರೆ, ಅದರಲ್ಲಿ ಜಗಳವಾಡುವ ಮಾತುಗಳೇ ಇಲ್ಲ. ಸಿಸ್ಟರ್‌ಗಳು ಪ್ಲೀಸ್ ಕಲಿಸಿದರು, ಸಾರಿ ಕಲಿಸಿದರು, ಮೇ ಐ ಕಲಿಸಿದರು. ಕೈಹಿಡಿದು ಎಳೆದು ನಿಲ್ಲಿಸಿ ಕೇಳುವ ಮಾತು ಕಲಿಸಲಿಲ್ಲ. ತೊಂದರೆ ಕೊಡುತ್ತಿರುವುದಕ್ಕೆ ಕ್ಷಮೆ ಕೇಳಿ, ಒಂದು ಸಣ್ಣ ವಿಷಯ ಎಂದು ಶುರು ಮಾಡಿದೆ. ಸಣ್ಣ ವಿಷಯ ಎಂದವಳು ನಾನೇ ಆದ್ದರಿಂದ ಅವಳೂ ಅದನ್ನು ಸಣ್ಣದಾಗಿಯೇ ತೆಗೆದುಕೊಂಡಳು.

"ಹೌದಾ ಆಂಟಿ? ನಾನು ಆವತ್ತು ಸೈಟ್‌ನಲ್ಲಿ ಇರಲಿಲ್ಲ. ಚೆಕ್ ಮಾಡ್ತೀನಿ."

ಚೆಕ್ ಮಾಡುವುದು ಎಂದರೆ ಏನೆಂದು ನನಗೆ ಈಗ ಚೆನ್ನಾಗಿ ಗೊತ್ತು. ಮತ್ತೆ ನಾವೇ ಫೋನು ಮಾಡುವವರೆಗೆ ಏನನ್ನೂ ಮಾಡದಿರುವುದು. ಮತ್ತೆ ಮಾಡಿದೆ. ಮೀಟಿಂಗಿನಲ್ಲಿದ್ದಳು. ಸಂಜೆ ಮಾಡಿದೆ. ಡ್ರೈವ್ ಮಾಡುತ್ತಿದ್ದಳು. ನಿಲ್ದಾಣದ ನಂಬರು ಹುಡುಕಿ ಅಲ್ಲಿಗೇ ಮಾಡಿದೆ. ಆ ಗುಂಡಿ ಒತ್ತಿ ಈ ಗುಂಡಿ ಒತ್ತಿ ಎಂದು ಯಂತ್ರ ಹೇಳಿದಂತೆಲ್ಲ ಒತ್ತಿದ ಮೇಲೆ ಕೊನೆಗೊಬ್ಬ ಮನುಷ್ಯ ಸಿಕ್ಕಿದ. ನಮ್ಮ ರೇಷ್ಮೆ ಬಟ್ಟೆಯೊಂದು ನಿಮ್ಮಲ್ಲಿದೆ ಎಂದು ಹೇಳುತ್ತಿದ್ದಂತೆ, "ಬಣ್ಣ ಯಾವ್ದು ಮೇಡಂ? ಯಾವ ಫ್ಲೈಟಲ್ಲಿ ಬಿಟ್ರಿ?" ಎಂದ. ಕಳೆದುಹೋದ ಸಾಮಾನಿನ ವಿಭಾಗವಂತೆ. ಕಳೆದಿಲ್ಲ, ಗೋಡೆಯ ಮೇಲೆಯೇ ಇದೆ, ತಿರುಗಿಸಿ ಹಾಕಬೇಕು ಅಷ್ಟೆ ಎಂದೆ. ಅವನು, "ಇರ್ಲಿ ಮೇಡಂ, ಸಿಕ್ಕಿದ್ರೆ ತಿಳಿಸ್ತೀವಿ" ಎಂದು ಇಟ್ಟುಬಿಟ್ಟ.

ಈ ನಡುವೆ ಮಾವ ಫೋಟೊದ ಮಾತು ಬಿಟ್ಟು, ಹೋಗಿ ಕಣ್ಣಾರೆ ನೋಡುತ್ತೇನೆ ಎಂದು ಬೀದಿಯಲ್ಲೆಲ್ಲ ಹೇಳಿಕೊಂಡು ಬರುತ್ತಿದ್ದರು. ಅಂಚಿನ ಪಂಚೆಯನ್ನು ಇಸ್ತ್ರಿಗೆ ಕೊಟ್ಟರು. ಹನೂರಿನಿಂದ ಅವರ ತಂಗಿ ನೋಡಲು ಬಂದಾಗ, ಬೆಟ್ಟಕ್ಕೆ ಹೋಗಿ ತಂದಿದ್ದ ಪ್ರಸಾದ ಕೊಟ್ಟು, "ಅಣ್ಣಯ್ಯ, ಉಲಿ ಎಂಗ್ ಬಂದದೆ?" ಎಂದು ಕೇಳಿದರು.

"ಎಂಗ್ ಬಂದದೆ ಅಂತ ಓಗಿ ನೋಡ್ಕಂಡು ಬಂದು ಯೋಳ್ತೀನಿ ಕಣಮ್ಮಿ. ನಂಗೇ ಇನ್ನೂ ಅದ್ರ ಮೊಕ ಸಿಕ್ಕಿಲ್ಲ."

ನಾನು ಅಡುಗೆಮನೆಗೆ ಎದ್ದುಹೋದೆ. ಅತ್ತೆ ಹಿಂದೆಯೇ ಬಂದು ಒಲೆಯ ಹತ್ತಿರ ನಿಂತರು. "ಉಲ್ಟಾ ಆಕವ್ರಲ್ವಾ?" ಎಂದರು ಮೆಲ್ಲಗೆ.

"ನಿಮಗೆ ಹೇಗೆ ಗೊತ್ತಾಯಿತು ಅತ್ತೆ?"

"ನೀನು ಪೋನ ಮೊರದ ಕೆಳಗೆ ಇಕ್ಕಿದ್ದೆಯಲ್ಲ, ಆಗ್ಲೇ ಏನೋ ಅದೆ ಅನ್ಕಂಡೆ. ನೀನು ಮಗಂಗೆ ಕಳ್ಸಿದ್ದೆಯಲ್ಲ, ಅವ್ನ ಪೋನಲ್ಲಿ ನೋಡ್ದೆ." ಸೆರಗಿನಿಂದ ಕಟ್ಟೆ ಒರೆಸುತ್ತಾ ಹೇಳಿದರು. "ಅವ್ರಿಗೆ ಯೋಳ್ಬ್ಯಾಡ. ಯೋಳುದ್ರೆ ಕಾಶೀನೂ ಬ್ಯಾಡ, ಏನೂ ಬ್ಯಾಡ ಅಂತ ಕುಂತ್ಬುಡ್ತಾರೆ. ಅಷ್ಟ್ರೊಳಗೆ ತಿರುಗುಸ್ಬುಟ್ರೆ ಆಯ್ತು. ನಿಂಗೆ ಇಂಗ್ಲೀಸ್ ಬತ್ತದಲ್ಲ."

ಇಂಗ್ಲಿಷ್ ಬರುತ್ತದಲ್ಲ. ಆ ವಾರಗಳಲ್ಲಿ ನನ್ನ ನೆತ್ತಿಯ ಮೇಲೆ ಎಲ್ಲರೂ ಇಟ್ಟ ಕಲ್ಲು ಅದೇ.

ಯಳಂದೂರಿನಲ್ಲಿ ನಮ್ಮ ನಾದಿನಿಯ ಮನೆ. ಅವಳ ಗಂಡನ ಗೆಳೆಯನೊಬ್ಬ ಗಾಜು ಕೂರಿಸುವ ಮೇಸ್ತ್ರಿ, ಅದೇ ಟರ್ಮಿನಲ್ಲಿನಲ್ಲಿ ಕೆಲಸ ಮಾಡಿದ್ದಾನೆ ಎಂದು ತಿಳಿಯಿತು. ಹಬ್ಬಕ್ಕೆ ಊರಿಗೆ ಬಂದಿದ್ದಾನೆ ಎಂದ ಕೂಡಲೇ ಮಧ್ಯಾಹ್ನದ ಅಡುಗೆ ಮುಗಿಸಿ ಬಸ್ಸು ಹತ್ತಿದೆ. ಅವನು ಬಹಳ ಮರ್ಯಾದೆಯಿಂದ ಕೂರಿಸಿದ. ಫೋಟೊ ನೋಡಿದ ಕೂಡಲೇ ಗುರುತು ಹಿಡಿದ.

"ಇದಾ? ಇದ್ರ ಗಾಜು ನಾವೇ ಕೂರ್ಸಿದ್ದು ಕಣಕ್ಕ. ಬಟ್ಟೆ ಏರ್ಸಿದ್ದು ಬ್ಯಾರೆ ಪಾರ್ಟಿ."

"ನಿಮಗೆ ಅನಿಸಲಿಲ್ಲವೇ, ದಾರ ಎಲ್ಲ ಹೊರಗೆ ಬಂದಿದೆ ಅಂತ?"

"ಅನ್ಸ್ತು. ಆಮೇಲೆ ಪಕ್ಕದ ಗ್ವಾಡೇಲಿ ಮುರ್ದ ಕುರ್ಚಿಗಳ್ನ ಒಂದ್ರ ಮ್ಯಾಲೊಂದು ಜೋಡ್ಸಿ ಇಟ್ಟಿದ್ರು, ಅದೂ ಕಲೆ ಅಂದ್ರು. ಇದೂ ಅಂಗೇ ಇರ್ಬೇಕು ಅನ್ಕಂಡು ಸುಮ್ನಾದೊ." ಅವನು ನಗಲಿಲ್ಲ, ನಿಜವಾಗಿಯೇ ಹೇಳಿದ. "ಗಾಜು ಕಳಚಾದು ಒಂದು ಗಳಿಗೆ ಕೆಲ್ಸ ಕಣಕ್ಕ. ಕಳಚು ಅಂತ ಯೋಳೋರು ಬೇಕಲ್ಲ. ಒಳೀಕೆ ಓಗಾಕೆ ಪಾಸ್ ಬೇಕು. ಏಣಿಗೂ ಒಂದು ಪಾಸ್ ಬೇಕು."

ವಾಪಸು ಬರುವಾಗ ಕುಂತೂರಿನ ಹತ್ತಿರ ಬಸ್ಸು ಕಬ್ಬಿನ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಸಿಕ್ಕಿಕೊಂಡಿತು. ಕಬ್ಬಿನ ತುದಿಗಳು ಎರಡೂ ಕಡೆ ಚಾಚಿಕೊಂಡು ಬಸ್ಸಿನ ಕಿಟಕಿಗೆ ಸವರುತ್ತಿದ್ದವು. ಸಕ್ಕರೆ ಕಾರ್ಖಾನೆಯ ಸಿಹಿಗಟ್ಟಿದ ಹುಳಿವಾಸನೆ. ಅಷ್ಟು ದಿನ ಸಿಗದ ಹುಡುಗಿ ಆಗಲೇ ಫೋನು ಮಾಡಬೇಕೇ?

"ಆಂಟಿ, ನಿಮ್ಮ ವಿಷಯ ಮಾತಾಡ್ದೆ. ಆಕ್ಚುವಲಿ ಎಲ್ರಿಗೂ ತುಂಬಾ ಇಷ್ಟ ಆಗಿದೆ. ಆ ಟೆಕ್ಸ್ಚರ್, ಆ ರಾ ಫೀಲ್..."

ಟ್ರ್ಯಾಕ್ಟರು ಹಾರನ್ ಹೊಡೆಯಿತು. ನಾನು ಒಂದು ಕಿವಿ ಮುಚ್ಚಿಕೊಂಡೆ. "ಅದು ಹಿಂಬದಿ ಅಮ್ಮ. ಹುಲಿಯ ಮುಖ ಗೋಡೆಗೆ ಇದೆ."

"ಗೊತ್ತು ಆಂಟಿ. ಆದ್ರೆ ಸ್ಮೂತ್ ಆಗಿರೋದಕ್ಕಿಂತ ಹೀಗೇ ಆರ್ಗ್ಯಾನಿಕ್ ಆಗಿ ಕಾಣತ್ತೆ ಅಂತಿದಾರೆ. ಉದ್ಘಾಟನೆಗೆ ಬಂದವರೆಲ್ಲ ಅದ್ರ ಮುಂದೇನೇ ಫೋಟೊ..."

"ಒಂದು ದಿನದ ಮಟ್ಟಿಗಾದರೂ ತಿರುಗಿಸಿ. ನಮ್ಮ ಮಾವ ಬರುತ್ತಾರೆ. ಅವರು ಅದನ್ನು ಪೂರ್ತಿ ನೋಡಿಯೇ ಇಲ್ಲ" ಎಂದೆ. ಜೋರಾಗಿಯೇ ಹೇಳಿದೆನೆಂದು ಕಾಣುತ್ತದೆ, ಕಂಡಕ್ಟರು ತಿರುಗಿ ನೋಡಿದ.

"ಅಂಕಲ್ ಬರ್ತಿದಾರಾ? ಸೋ ಸ್ವೀಟ್. ಅವ್ರು ಅದ್ರ ಮುಂದೆ ನಿಂತಿರೋ ಒಂದು ವಿಡಿಯೋ ಮಾಡಿ ಕಳ್ಸಿ ಆಂಟಿ, ಪ್ಲೀಸ್." ಅಷ್ಟರಲ್ಲಿ ಮಾತು ಕಡಿಯಿತು.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಯಾರವ್ವ, ಮಗ್ಳಾ?" ಎಂದು ಕೇಳಿದಳು. ಅಲ್ಲ ಎಂದೆ. "ಮತ್ತೆ ಅಷ್ಟೊಂದು ಮೆತ್ತುಗೆ ಮಾತಾಡ್ತಿದ್ದೆ" ಎಂದಳು. ನಾನು ಕಿರುಚಿದೆ ಎಂದುಕೊಂಡಿದ್ದೆ.

ಹೊರಡುವ ದಿನ ಬಂದೇಬಿಟ್ಟಿತು. ನಿಲ್ದಾಣದ ಬಾಗಿಲಿನಲ್ಲೇ ಮಾವ ಪಂಚೆಯ ಅಂಚು ಸರಿಮಾಡಿಕೊಂಡರು. ತಪಾಸಣೆಯವರು ಅವರ ಅಡಕತ್ತರಿಯನ್ನು ತೆಗೆದಿಟ್ಟುಕೊಂಡರು. "ಅಡ್ಕೆ ಕತ್ರಸ್ಕಂಡು ಇಮಾನ ಇಳ್ಸದು ಎಂಗವ್ವ?" ಎಂದು ಅಲ್ಲಿದ್ದವಳನ್ನು ಕೇಳಿದರು. ಅವಳಿಗೆ ಕನ್ನಡ ಬರುತ್ತಿರಲಿಲ್ಲ. ಅತ್ತೆಯ ಚೀಲದಿಂದ ದುಂಡು ಕನ್ನಡಿ ಹೊರಗೆ ಬಂತು. ಯಾತ್ರೆಯಲ್ಲಿ ಕುಂಕುಮ ಇಟ್ಟುಕೊಳ್ಳಲೆಂದು ಮಗ್ಗದ ಮನೆಯಿಂದ ಎತ್ತಿಕೊಂಡು ಬಂದಿದ್ದರು. ಅದನ್ನು ತಿರುಗಿಸಿ ಮುರುಗಿಸಿ ನೋಡಿ ವಾಪಸು ಕೊಟ್ಟರು.

ನಮ್ಮ ಬೀದಿಯ ಉಳಿದವರು ಕುರ್ಚಿ ಹುಡುಕಿ ಕುಳಿತರು. ನಾನು ಮಾವನನ್ನು ಕಾಫಿಯ ಕಡೆಗೆ ಕರೆದೆ, ಮೊದಲು ಗೇಟು ಎಲ್ಲಿದೆ ನೋಡೋಣ ಎಂದೆ, ಇನ್ನೂ ಏನೇನೋ ಎಂದೆ. ಅವರು ಕೇಳಿಸಿಕೊಳ್ಳದೆ ಕತ್ತೆತ್ತಿಕೊಂಡು ನಡೆದರು. ಮರದ ಗೊಂಬೆಗಳನ್ನು ದಾಟಿದೆವು. ತೊಗಲುಗೊಂಬೆಗಳನ್ನು ದಾಟಿದೆವು. ಎಲ್ಲಕ್ಕೂ ಹಳದಿ ಬೆಳಕು ಬಿಟ್ಟಿದ್ದರು, ಚೆನ್ನಾಗಿಯೇ ಇದ್ದವು. ತಿರುವಿನಾಚೆ ಹುಲಿ ಇತ್ತು.

ಅದರ ಪಕ್ಕದ ಫಲಕದಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಪಿಸುಗುಡುವ ಗಿರಿಗಳು ಎಂದು ಹೆಸರು. ಕೆಳಗೆ, ಕೊಳ್ಳೇಗಾಲದ ರೇಷ್ಮೆ, ಪರಂಪರೆ, ಪ್ರಕೃತಿ ಎಂದೆಲ್ಲ ಇತ್ತು. ಹುಲಿ ಎಂಬ ಪದ ಎಲ್ಲಿಯೂ ಇರಲಿಲ್ಲ. ಅದಕ್ಕೇ ಇರಬೇಕು, ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದ ಒಬ್ಬ ತಾಯಿ ಮಗಳಿಗೆ, "ನೋಡು ಪುಟ್ಟಿ, ಹಸು" ಎಂದಳು. ಆ ಮಗು, "ಅಲ್ಲ, ನಾಯಿ" ಎಂದಿತು.

ಮಾವ ಹಗ್ಗ ಕಟ್ಟಿದ್ದ ಗಡಿಯವರೆಗೆ ಹೋಗಿ ನಿಂತರು. ಕೆಳಗಿನಿಂದ ನೋಡುತ್ತಾ ನೋಡುತ್ತಾ ಕತ್ತನ್ನು ಮೇಲೆತ್ತಿದರು. ಏಳನೆಯ ಬೆಟ್ಟ ತಲುಪುವ ಹೊತ್ತಿಗೆ ತಲೆಯ ಟವಲು ಜಾರಿತು. ಎತ್ತಿಕೊಳ್ಳಲಿಲ್ಲ. ನಾನೇ ಎತ್ತಿಕೊಟ್ಟೆ.

"ನಾನು ತುಂಬ ಸಲ ಹೇಳಿದೆ ಮಾವ. ಫೋನು ಮಾಡಿದೆ, ಯಳಂದೂರಿಗೂ ಹೋಗಿ ಬಂದೆ..." ಎಂದು ಶುರು ಮಾಡಿದೆ.

ಅವರು ನನ್ನ ಕಡೆಗೆ ತಿರುಗಲಿಲ್ಲ. "ಇದನ್ನ ನೋಡಾಕೆ ನಾನು ಇಷ್ಟು ದೂರ ಬರ್ಬೇಕಿತ್ತಾ?" ಎಂದರು. "ಇದನ್ನ ಮಗ್ಗದ ಮ್ಯಾಲೆ ದಿನಾ ನೋಡೀವ್ನಿ. ಕಣ್ಣು ಮುಚ್ಕಂಡ್ರೂ ಇದೇ ಕಾಣ್ತದೆ. ನಾನು ನೋಡ್ಬೇಕಾಗಿದ್ದು ಅತ್ತಾಗದೆ."

ಆಮೇಲೆ, "ಮಾದಪ್ಪನ್ನ ಬ್ಯಾಡ ಅಂದ್ರು. ಈಗ ಉಲೀನೂ ಮೊಕ ತಿರುಗುಸ್ಕಂಡದೆ" ಎಂದರು. ಅತ್ತೆ ನಗಲು ನೋಡಿದರು, ಆಗಲಿಲ್ಲ.

ಪರದೆಯ ಮುಂದೆ ಮಾತ್ರ ಗಾಜು. ಪಕ್ಕದಲ್ಲಿ, ಬಟ್ಟೆಗೂ ಗೋಡೆಗೂ ನಡುವೆ ಒಂದು ಕೈ ತೂರುವಷ್ಟು ಸಂದು ಇತ್ತು. ನಾವು ಬೇಡವೆನ್ನುವ ಮೊದಲೇ ಮಾವ ಹಗ್ಗವನ್ನು ಎತ್ತಿ, ನುಸುಳಿ, ಆ ಸಂದಿಗೆ ಕಣ್ಣಿಟ್ಟರು. ಕತ್ತಲೆ. ನಾನೂ ಹೋಗಿ ಫೋನನ್ನು ಸಂದಿಯೊಳಗೆ ಹಿಡಿದು ಚಿತ್ರ ತೆಗೆದೆ. ಬರೀ ಮಸುಕು ಬಂಗಾರದ ಬಣ್ಣ ಬಂತು. ಇನ್ನೊಂದು ತೆಗೆದೆ. ನನ್ನ ಹೆಬ್ಬೆರಳು ಬಂತು.

"ಕನ್ನಡಿ ತಾ" ಎಂದರು ಅತ್ತೆಗೆ.

ಅತ್ತೆ ಚೀಲದಿಂದ ತೆಗೆದುಕೊಟ್ಟರು. ನಾನು ಫೋನಿನ ಟಾರ್ಚು ಹಿಡಿದೆ. ಮಾವ ಮನೆಯಲ್ಲಿ ಎಳೆಗಳ ಅಡಿಗೆ ತೂರಿಸುವ ಹಾಗೆಯೇ ಕನ್ನಡಿಯನ್ನು ಗೋಡೆಯ ಕಡೆಯಿಂದ ತೂರಿಸಿ, ಮಣಿಕಟ್ಟು ತಿರುಗಿಸಿದರು. ಬೆಳಕು ಕನ್ನಡಿಗೆ ಬಿದ್ದು ಬಟ್ಟೆಯ ಮೇಲೆ ಹಾಯಿತು. ಹುಲಿಯ ಮುಂಗಾಲು ಕಂಡಿತು. ಕಪ್ಪು ರೇಷ್ಮೆಯ ಪಟ್ಟೆ, ಪಕ್ಕದಲ್ಲಿ ಒಂದು ಎಳೆಯೂ ಹೊರಗೆ ಬಾರದ ಜರಿ, ಚೂಪಾದ ಉಗುರು. ನಾನು ಆ ಮುಖವನ್ನು ನೋಡಿದ್ದು ಅದೇ ಮೊದಲು. ಅಂಗೈಯಗಲ ಅಷ್ಟೆ. ಕಣ್ಣು ಕಾಣಬಹುದೇ ಎಂದು ಮಾವ ಕೈಯನ್ನು ಮೇಲೆ ಚಾಚಿದರು, ತುದಿಗಾಲಿನ ಮೇಲೆ ನಿಂತರು. ಎಟುಕಲಿಲ್ಲ.

"ಅಜ್ಜಾರ, ಅಲ್ಲಿ ಕೈ ಹಾಕಬ್ಯಾಡ್ರಿ." ಸಮವಸ್ತ್ರದ ಹೆಣ್ಣುಮಗಳೊಬ್ಬಳು ಬಂದಳು. ಉತ್ತರ ಕರ್ನಾಟಕದ ಕಡೆಯವಳು. ಗದರಿಸಲಿಲ್ಲ, ಆದರೆ ಹಗ್ಗವನ್ನು ಎತ್ತಿ ಹಿಡಿದು ನಾವು ಹೊರಗೆ ಬರುವವರೆಗೂ ನಿಂತಳು.

"ಇವರೇ ಇದನ್ನು ನೇಯ್ದದ್ದು" ಎಂದೆ.

"ಹೌದೇನ್ರಿ? ಭಾಳ ಚೊಲೊ ಐತ್ರಿ. ಆದ್ರ ಮುಟ್ಟಾಂಗಿಲ್ಲ."

ಮಾವ ಕನ್ನಡಿಯನ್ನು ಪಂಚೆಗೆ ಒರೆಸಿ ಅತ್ತೆಗೆ ಕೊಟ್ಟರು. ಗೇಟಿನ ಹತ್ತಿರ ನಮ್ಮ ಬೀದಿಯವರು, "ನೋಡಿದ್ರಾ? ಎಂಗದೆ?" ಎಂದು ಮುಗಿಬಿದ್ದರು. "ಕಾಲು ಚೆಂದಾಗಿ ಬಂದದೆ" ಎಂದು ಹೇಳಿ ಕುಳಿತುಕೊಂಡರು. ಉಳಿದವರಿಗೆ ಅರ್ಥವಾಗಲಿಲ್ಲ. ಹುಡುಗಿ ಕೇಳಿದ್ದ ವಿಡಿಯೋ ನಾನು ಮಾಡಲಿಲ್ಲ. ವಿಮಾನದಲ್ಲಿ ಮಾವ ಕಿಟಕಿಯ ಪಕ್ಕ ಕೂರುವುದಿಲ್ಲ ಎಂದರು. ಮೋಡ ನೋಡಿದ್ದು ಅತ್ತೆ.

ಕಾಶಿಯಿಂದ ಬಂದು ಕೆಲವು ದಿನಗಳ ಮೇಲೆ ಹುಡುಗಿಯ ಫೋನು ಬಂತು, ತಾನಾಗಿಯೇ. ಇನ್ನೊಂದು ಊರಿನ ನಿಲ್ದಾಣದವರು ಇಂಥದ್ದೇ ಇನ್ನೊಂದು ಪರದೆ ಕೇಳಿದ್ದಾರಂತೆ. ಈ ಸಲ ನವಿಲು. "ಸೇಮ್ ರಾ ಫಿನಿಶ್ ಇರ್ಲಿ ಆಂಟಿ, ಆ ಕಡೆನೇ ಹೊರಗೆ ಹಾಕ್ತೀವಿ" ಎಂದಳು. ನಾನು ಫೋನನ್ನು ಎದೆಗೆ ಒತ್ತಿಕೊಂಡು ಮಾವನಿಗೆ ಹೇಳಿದೆ. ಬೇಡ ಎನ್ನುತ್ತಾರೆ ಎಂದೇ ಎಣಿಸಿದ್ದೆ.

"ನೇಯ್ತೀನಿ ಅನ್ನು" ಎಂದರು. "ಆದ್ರೆ ಮಡಿಸಿ ಕಳ್ಸಾಕಿಲ್ಲ. ದಿಂಡಿನ ಸಮೇತ ನಾನೇ ಒತ್ಕಂಡು ಬತ್ತೀನಿ. ಅವ್ರ ಗ್ವಾಡೆಗೆ ನಾನೇ ಇಳೀಬುಡ್ತೀನಿ. ಮೊದ್ಲು ಮೊಕ ಈಚೆಗೆ. ಕೆಳಗೆ ಬಂದು ನಿಂತ್ಕಂಡು ನಾನು ಒಂದ್ಸಲ ನೋಡ್ಬೇಕು. ಆಮ್ಯಾಕೆ ಅವ್ರು ಎಂಗಾರ ತಿರುಗುಸ್ಕಳ್ಳಿ. ಇದ್ಕೆ ಊ ಅಂದ್ರೆ ಲಾಳಿ ಎಸಿತೀನಿ."

ಇದನ್ನು ನಾನು ಅವಳಿಗೆ ಇಂಗ್ಲಿಷಿನಲ್ಲೂ ಹೇಳಿದೆ, ಕನ್ನಡದಲ್ಲೂ ಹೇಳಿದೆ. ಈ ಸಲ ಸಾರಿ ಎನ್ನಲಿಲ್ಲ, ಸಣ್ಣ ವಿಷಯ ಎನ್ನಲಿಲ್ಲ. ಅವಳು, "ಅದು ಸೇಫ್ಟಿ ವಿಷಯ ಆಗತ್ತೆ ಆಂಟಿ. ಏಣಿ, ಪಾಸ್... ಚೆಕ್ ಮಾಡ್ತೀನಿ" ಎಂದಳು.

ನಾನೂ ಅತ್ತೆಯೂ ನವಿಲಿಗೆ ಹಾಸು ಕೆಚ್ಚಿ ಮುಗಿಸಿದ್ದೇವೆ. ಎಳೆಗಳು ಬಿಗಿಯಾಗಿ ನಿಂತಿವೆ, ಧೂಳು ಕೂರಬಾರದೆಂದು ಮೇಲೆ ಹಳೆಯ ಪಂಚೆ ಹೊದಿಸಿದ್ದೇನೆ. ಕನ್ನಡಿ ಮತ್ತೆ ಮಗ್ಗದ ಮನೆಯ ಮೊಳೆಗೆ ಹೋಗಿದೆ. ಮಾವ ಬೇರೆ ಮಗ್ಗದಲ್ಲಿ ಯಾರದೋ ಮದುವೆ ಸೀರೆ ನೇಯುತ್ತಿದ್ದಾರೆ. ಬೆಳಿಗ್ಗೆ ಕಾಫಿ ಲೋಟ ಕೈಗೆ ಕೊಡುವಾಗ ತಲೆ ಎತ್ತದೆ ಕೇಳುತ್ತಾರೆ, "ಏನಂದ್ಲವ್ವ ಆ ಎಣ್ಮಗ?"

"ಇನ್ನೂ ವಿಚಾರಿಸುತ್ತಿದ್ದಾಳಂತೆ ಮಾವ" ಎನ್ನುತ್ತೇನೆ. ಒಳಗೆ ಬಂದು ಮತ್ತೆ ಫೋನು ಮಾಡುತ್ತೇನೆ.